ತೀರ್ಥಹಳ್ಳಿ ಕಡೆಯ ಹೆಂಚಿನ ಮನೆಗೆ 65 ಇಂಚಿನ ಟಿವಿ ತರಬಹುದಾ?

ಪ್ರಶ್ನೆ: ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗೋ ದಾರೀಲಿ ಸ್ವಲ್ಪ ಒಳಗೆ ನಮ್ಮ ಮನೆ. ಹಳೇ ಹೆಂಚಿನ ಮನೆ, ಮಣ್ಣಿನ ಗೋಡೆ. ಈ ಸಲ ಭರಣಿ ಮಳೇಲಿ ಸಿಡಿಲು ಬಡಿದು 40 ಇಂಚಿನ ಟಿವಿ ಹೋಯ್ತು, ಜೊತೆಗೆ ಸೆಟ್‌ಟಾಪ್ ಬಾಕ್ಸೂ ಹೋಯ್ತು. ದೀಪಾವಳಿ ಹೊತ್ತಿಗೆ ಹೊಸದು ತರೋಣ ಅಂತ ಇದ್ದೀವಿ. ಬೆಂಗಳೂರಲ್ಲಿರೋ ಮಗ 65 ಇಂಚಿನ ಓಎಲ್‌ಇಡಿನೇ ತಗೊಳ್ಳಿ ಅಂತಾನೆ, ಅಂಗಡಿಯವರು ಕ್ಯೂಎಲ್‌ಇಡಿ ಅಂತಾರೆ, ಮನೆಯವಳು ಅಷ್ಟು ದೊಡ್ಡದು ಎಂತಕ್ಕೆ ಅಂತಾಳೆ. ಬಜೆಟ್ 70 ಸಾವಿರ. ಜಗಲಿಯಲ್ಲಿ ಇಡೋದು, ಕೂರೋ ಜಾಗದಿಂದ ಒಂಬತ್ತು-ಹತ್ತು ಅಡಿ ದೂರ. ಡಿಶ್ ಇದೆ, ಫೈಬರ್ ನೆಟ್ಟೂ ಬಂದಿದೆ. ಸ್ಟೆಬಿಲೈಜರ್ ಬೇಕಾ? ಯಾವ್ದು ತಗೋಬೇಕು, ಹೆಂಗೆ ಕಾಪಾಡ್ಕೋಬೇಕು, ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಟಿವಿ ಜೊತೆ ಸೆಟ್‌ಟಾಪ್ ಬಾಕ್ಸೂ ಹೋಯ್ತು ಅಂದ್ರಲ್ಲ, ಅಲ್ಲಿಂದಲೇ ಶುರು ಮಾಡ್ತೀನಿ. ಇಂಚು, ಪ್ಯಾನೆಲ್ಲು ಎಲ್ಲ ಆಮೇಲೆ ಮಾತಾಡೋಣ. 70 ಸಾವಿರದಲ್ಲಿ ಒಂದು ಎಂಟು-ಹತ್ತು ಸಾವಿರ ಮೊದಲೇ ಪಕ್ಕಕ್ಕೆ ತೆಗೆದಿಟ್ಟು ಮನೆ ಅರ್ಥಿಂಗ್, ವೈರಿಂಗ್ ಕಡೆ ಖರ್ಚು ಮಾಡಿ, ಉಳಿದಿದ್ರಲ್ಲಿ ಟಿವಿ ತನ್ನಿ. ನಮ್ಮ ಮಲೆನಾಡಲ್ಲಿ ಟಿವಿ ಹಳೇದಾಗಿ ಸಾಯೋದು ಕಮ್ಮಿ, ವೈರಲ್ಲಿ ಬಂದಿದ್ದೇ ಅದನ್ನ ಸಾಯಿಸೋದು ಜಾಸ್ತಿ. ಇದನ್ನ ಸರಿ ಮಾಡ್ದೆ ಲಕ್ಷದ ಟಿವಿ ತಂದ್ರೂ ಮುಂದಿನ ಭರಣಿಗೆ ಇದೇ ಕಥೆ.

ಸಿಡಿಲು ಸೀದಾ ನಿಮ್ಮ ಮನೆ ಮೇಲೇ ಬೀಳ್ಬೇಕು ಅಂತಿಲ್ಲ. ತೋಟದ ತೆಂಗಿನ ಮರಕ್ಕೋ, ಅರ್ಧ ಕಿಲೋಮೀಟರ್ ಆಚೆ ಕರೆಂಟ್ ಲೈನಿಗೋ ಬಡಿದ್ರೂ ಸಾಕು, ಆ ಸರ್ಜ್, ಅಂದ್ರೆ ಒಮ್ಮೆಲೇ ನುಗ್ಗೋ ಭಾರೀ ವೋಲ್ಟೇಜು, ಲೈನ್ ಹಿಡ್ಕೊಂಡು ಬರತ್ತೆ. ಡಿಶ್ ಕೇಬಲ್ಲೂ ತಾಮ್ರದ ತಂತಿನೇ ಅಲ್ವಾ, ಅದ್ರಲ್ಲೂ ಬರತ್ತೆ. ನಿಮ್ಮ ಬಾಕ್ಸಿಗೆ ಒಂದು ಕಡೆಯಿಂದ ಕರೆಂಟು, ಇನ್ನೊಂದು ಕಡೆಯಿಂದ ಡಿಶ್ ಕೇಬಲ್ಲು, ಅಲ್ಲಿಂದ ಎಚ್‌ಡಿಎಂಐ ಟಿವಿಗೆ, ಟಿವಿಯಿಂದ ಮತ್ತೆ ಕರೆಂಟ್ ಪ್ಲಗ್ಗಿಗೆ. ಅಂದ್ರೆ ಸರ್ಜಿಗೆ ಒಂದು ದಾರೀಲಿ ಬಂದು ಇನ್ನೊಂದು ದಾರೀಲಿ ಹೋಗೋಕೆ ನೀವೇ ಸೇತುವೆ ಕಟ್ಟಿಕೊಟ್ಟ ಹಂಗಾಗತ್ತೆ, ನಡುವೆ ಸಿಕ್ಕಿದ ಬೋರ್ಡೆಲ್ಲ ಸುಟ್ಟು ಹೋಗತ್ತೆ. ಎರಡೂ ಒಟ್ಟಿಗೆ ಹೋಗಿದೆ ಅಂದ್ರೆ ಹೆಚ್ಚೂಕಮ್ಮಿ ಇದೇ ಆಗಿರೋದು. ಬರೀ ಸ್ವಿಚ್ ಆಫ್ ಮಾಡಿದ್ವಿ ಅಂದ್ರೆ ಪ್ರಯೋಜನ ಇಲ್ಲ, ಸ್ವಿಚ್ಚಿನ ಒಳಗಿನ ಕೂದಲೆಳೆ ಗ್ಯಾಪನ್ನ ಅದು ಸಲೀಸಾಗಿ ಹಾರತ್ತೆ. ಪ್ಲಗ್ ಕಿತ್ತು ಹೊರಗೆ ಇಡ್ಬೇಕು, ಡಿಶ್ ಕೇಬಲ್ಲನ್ನೂ ಬಾಕ್ಸಿಂದ ಬಿಚ್ಚಿ ಟಿವಿಯಿಂದ ದೂರ ಹಾಕ್ಬೇಕು, ಲ್ಯಾನ್ ಕೇಬಲ್ ಇದ್ರೆ ಅದನ್ನೂ. ಅದೂ ಗುಡುಗು ದೂರದಲ್ಲಿ ಕೇಳೋಕೆ ಶುರುವಾದಾಗಲೇ. ತಲೆ ಮೇಲೆ ಮಿಂಚ್ತಾ ಇರೋವಾಗ ಓಡಿ ಹೋಗಿ ಕೇಬಲ್ ಮುಟ್ಟೋದು ಬೇಡ ಮಾರಾಯ್ರೆ, ಟಿವಿ ಹೋದ್ರೆ ಹೋಗ್ಲಿ.

ಇದು ವರ್ಷಪೂರ್ತಿ ಬೇಕಾಗಿಲ್ಲ, ನಿಮಗೂ ಗೊತ್ತಿರೋದೇ. ಏಪ್ರಿಲ್ ಮಧ್ಯದಿಂದ ಅಶ್ವಿನಿ, ಭರಣಿ, ಕೃತ್ತಿಕೆ ತನಕ ಸಂಜೆ ಹೊತ್ತು ಗುಡುಗು ಜೋರು, ಆಮೇಲೆ ಆರಿದ್ರೆ, ಪುಷ್ಯದ ಜಡಿಮಳೇಲಿ ಸಿಡಿಲು ಕಮ್ಮಿ, ಮತ್ತೆ ಹಸ್ತ, ಚಿತ್ತೆ, ಸ್ವಾತಿಗೆ ಹಿಂತಿರುಗಿ ಬರತ್ತೆ. ದೀಪಾವಳಿಗೆ ಟಿವಿ ತರೋದು ಅಂದ್ರೆ ಆ ಚಿತ್ತೆ-ಸ್ವಾತಿ ಗುಡುಗಿನ ಹೊತ್ತಿಗೇ ಸರಿಯಾಗಿ ತರ್ತೀರಿ. ಹಂಗಾಗಿ ಅರ್ಥಿಂಗ್ ಕೆಲಸ ಮೊದಲು ಮುಗಿಸ್ಕೊಳ್ಳಿ.

ಅರ್ಥಿಂಗ್ ಅಂದ್ರೆ ಎಂತ ಮಾಡ್ಬೇಕು? ಹಳೇ ಮನೆಗಳಲ್ಲಿ ಮೂರನೇ ತೂತು ಸಾಕೆಟ್ಟಲ್ಲಿ ಇರತ್ತೆ, ಅದಕ್ಕೆ ಹಿಂದೆ ವೈರೇ ಇರಲ್ಲ, ಇದ್ರೂ ಯಾವಾಗ್ಲೋ ತುಕ್ಕು ಹಿಡಿದು ತುಂಡಾಗಿರತ್ತೆ. ಒಳ್ಳೇ ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಟೆಸ್ಟರಲ್ಲಿ ಅಳತೆ ಮಾಡ್ಸಿ, 5 ಓಮ್ ಒಳಗೆ ಬಂದ್ರೆ ಒಳ್ಳೇದು. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣು ಮಳೆಗಾಲದಲ್ಲಿ ಚೆನ್ನಾಗಿ ಅರ್ಥ್ ಕೊಡತ್ತೆ, ಮಾರ್ಚ್-ಏಪ್ರಿಲಲ್ಲಿ ಒಣಗಿ ಕಲ್ಲಾದಾಗ ಕೈ ಕೊಡತ್ತೆ, ಸಿಡಿಲು ಬರೋದೂ ಸರಿಯಾಗಿ ಆಗಲೇ. ಬೇಸಿಗೇಲಿ ಅರ್ಥ್ ಪಿಟ್ಟಿಗೆ ಆಗಾಗ ಒಂದೆರಡು ಕೊಡ ನೀರು ಹಾಕೋ ಅಭ್ಯಾಸ ಇಟ್ಕೊಳ್ಳಿ. ಡಿಶ್ಶಿನ ಕಂಬಕ್ಕೂ ಅರ್ಥ್ ಕೊಡ್ಬೇಕು, ಆದ್ರೆ ಅದಕ್ಕೊಂದು ಬೇರೆ ಗುಂಡಿ ತೆಗೆದು ಬಿಟ್ರೆ ಆಗಲ್ಲ, ಮನೆ ಅರ್ಥಿಗೇ ದಪ್ಪ ವೈರಲ್ಲಿ ಸೇರಿಸ್ಬೇಕು. ಇಲ್ದಿದ್ರೆ ಸಿಡಿಲು ಬಡಿದಾಗ ಎರಡು ಅರ್ಥಿನ ನಡುವೆ ವೋಲ್ಟೇಜ್ ವ್ಯತ್ಯಾಸ ಬಂದು ಅದು ನಿಮ್ಮ ಟಿವಿ ಮೂಲಕವೇ ಹಾಯ್ದು ಹೋಗತ್ತೆ. ಮೈನ್ ಬೋರ್ಡಲ್ಲಿ ಟೈಪ್ 2 ಎಸ್‌ಪಿಡಿ ಅಂತ ಕೇಳಿ ಹಾಕಿಸಿ, ಸರ್ಜನ್ನ ಅರ್ಥಿಗೆ ತಳ್ಳೋ ಸಾಮಾನು ಅದು. ಅರ್ಥೇ ಇಲ್ದಿದ್ರೆ ಅದು ಗೋಡೆ ಮೇಲಿನ ಅಲಂಕಾರ ಅಷ್ಟೇ, ಅಂಗಡೀಲಿ ಸಿಗೋ ಸರ್ಜ್ ಪ್ರೊಟೆಕ್ಟರ್ ಎಕ್ಸ್‌ಟೆನ್ಷನ್ ಬೋರ್ಡಿಗೂ ಇದೇ ಮಾತು. ಇಷ್ಟೆಲ್ಲ ಮಾಡಿದ್ಮೇಲೂ ಹತ್ತಿರದಲ್ಲಿ ಸೀದಾ ಬಡಿದ್ರೆ ಯಾವ ಸಾಮಾನೂ ಉಳಿಸಲ್ಲ, ಪ್ಲಗ್ ಕೀಳೋದು ತಪ್ಪಲ್ಲ.

ಸ್ಟೆಬಿಲೈಜರ್ ವಿಷಯ. ಈಗಿನ ಟಿವಿಗಳ ಹಿಂದಿನ ಲೇಬಲ್ ಓದಿ, ಬಹಳಷ್ಟರಲ್ಲಿ 100-240 ವೋಲ್ಟ್ ಅಂತ ಬರೆದಿರತ್ತೆ. ಅಂದ್ರೆ ಸಂಜೆ ಹೊತ್ತು ಎಲ್ಲರೂ ಪಂಪ್ ಹಾಕ್ದಾಗ ನಿಮ್ಮನೆ ವೋಲ್ಟೇಜು 160-170ಕ್ಕೆ ಇಳಿದ್ರೂ ಟಿವಿಗೆ ತಲೆಬಿಸಿ ಇಲ್ಲ, ಫ್ರಿಜ್ಜಿಗೆ ಬೇಕಾಗಬಹುದು, ಟಿವಿಗೆ ಬೇಡ. ಅಪಾಯ ಇರೋದು ಮೇಲಿನ ಕಡೆ. ಗಾಳಿಮಳೇಲಿ ಕೊಂಬೆ ಬಿದ್ದು ಟಿಸಿಯಿಂದ (ಟ್ರಾನ್ಸ್‌ಫಾರ್ಮರಿಂದ) ಬರೋ ನ್ಯೂಟ್ರಲ್, ಅಂದ್ರೆ ಕರೆಂಟ್ ವಾಪಸ್ ಹೋಗೋ ತಂತಿ, ಕಟ್ಟಾದ್ರೆ ಅಥವಾ ಲೂಸಾದ್ರೆ, ಮೂರು ಫೇಸಲ್ಲಿ ಹಂಚಿಕೊಂಡಿರೋ ಮನೆಗಳ ವೋಲ್ಟೇಜ್ ಎಲ್ಲೆಲ್ಲಿಗೋ ಹೋಗತ್ತೆ, ಒಂದು ಮನೇಲಿ ಬಲ್ಬ್ ಮಿಣಮಿಣ ಅಂದ್ರೆ ಪಕ್ಕದ ಮನೇಲಿ 230 ಇರಬೇಕಾದ್ದು 400ರ ಹತ್ತಿರ ಏರಬಹುದು. ಲೈಟು ಒಮ್ಮೆಲೇ ಸಿಕ್ಕಾಪಟ್ಟೆ ಬೆಳಕಾಯ್ತು, ಫ್ಯಾನ್ ಜೋರಾಯ್ತು ಅಂದ್ರೆ ಮೈನ್ ಸ್ವಿಚ್ ಇಳಿಸಿ 1912ಕ್ಕೆ ಫೋನ್ ಮಾಡಿ, ಅವರು ಬರೋ ತನಕ ಮೇಲೆ ಹಾಕಬೇಡಿ. ಸಾಮಾನ್ಯ ಎಸ್‌ಪಿಡಿ ಇದನ್ನ ತಡಿಯಲ್ಲ, ಅದು ಕಣ್ಣುಮಿಟುಕಿಸೋದರೊಳಗೆ ಬಂದು ಹೋಗೋ ಸರ್ಜಿಗೆ ಮಾಡಿದ್ದು. ಇದಕ್ಕೆ ಓವರ್-ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್ ಅಂತ ಬೇರೆ ಬರತ್ತೆ, ವೋಲ್ಟೇಜ್ ಮಿತಿ ದಾಟಿದ್ರೆ ತಾನೇ ಕಟ್ ಮಾಡಿ, ಸರಿಯಾದ್ಮೇಲೆ ಸ್ವಲ್ಪ ಹೊತ್ತು ಕಾದು ಮತ್ತೆ ಕೊಡತ್ತೆ. ಸ್ಟೆಬಿಲೈಜರಿನ ದುಡ್ಡನ್ನ ಇದಕ್ಕೆ ಹಾಕಿ. ಅಂಗಡಿಯವರು ಟಿವಿ ಜೊತೆ ಸ್ಟೆಬಿಲೈಜರ್ ಕಟ್ಟೋಕೆ ನೋಡ್ತಾರೆ, ಲೇಬಲ್ ತೋರಿಸಿ ಬೇಡ ಅನ್ನಿ. ಇನ್ವರ್ಟರ್ ಇದ್ರೆ 55 ಇಂಚಿನ ಎಲ್‌ಇಡಿ ಟಿವಿ ಸುಮಾರು 100-150 ವ್ಯಾಟ್ ಎಳೆಯತ್ತೆ, ಸೈನ್ ವೇವ್ ಇನ್ವರ್ಟರ್ ಆದ್ರೆ ಧೈರ್ಯವಾಗಿ ಕೊಡಿ, ಫೈಬರ್ ರೂಟರನ್ನೂ ಅದಕ್ಕೇ ಸೇರಿಸಿ.

ಈಗ ಸೈಜು. ಮಗ ಹೇಳಿದ 65 ಅಳತೆ ಪ್ರಕಾರ ಏನೂ ತಪ್ಪಿಲ್ಲ. ಪರದೆ ಕಣ್ಣಿನ ಮುಂದೆ ಸುಮಾರು 30 ಡಿಗ್ರಿ ಅಗಲ ಕಂಡ್ರೆ ಮನೇಲಿ ನೋಡೋಕೆ ಆರಾಮ ಅಂತ ಒಂದು ಲೆಕ್ಕ ಇದೆ, ಅದಕ್ಕೆ ಟಿವಿ ಇಂಚನ್ನ 1.6ರಿಂದ ಗುಣಿಸಿದ್ರೆ ಕೂರಬೇಕಾದ ದೂರ ಇಂಚಲ್ಲಿ ಸಿಗತ್ತೆ. 55ಕ್ಕೆ ಏಳೂವರೆ ಅಡಿ ಹತ್ತಿರ, 65ಕ್ಕೆ ಒಂಬತ್ತು ಅಡಿಗೆ ಸ್ವಲ್ಪ ಕಮ್ಮಿ, 75ಕ್ಕೆ ಹತ್ತು ಅಡಿ. ನಿಮ್ಮ ಒಂಬತ್ತು-ಹತ್ತು ಅಡಿಗೆ 65 ದೊಡ್ಡದೇನಲ್ಲ. ಮನೆಯವರಿಗೆ ನಂಬಿಕೆ ಬರಬೇಕಾದ್ರೆ ಹಳೇ ಪೇಪರನ್ನ ಅಂಟಿಸಿ 144 ಸೆಂಟಿಮೀಟರ್ ಅಗಲ 81 ಎತ್ತರಕ್ಕೆ ಕತ್ತರಿಸಿ ಗೋಡೆಗೆ ಹಚ್ಚಿ, ಅದು 65. 122 ಅಗಲ 69 ಎತ್ತರ ಆದ್ರೆ 55. ಎರಡು ದಿನ ಹಂಗೇ ಬಿಡಿ, ಮನೇಲೇ ತೀರ್ಮಾನ ಆಗತ್ತೆ.

ಆದ್ರೆ ಅದ್ರಲ್ಲಿ ನೀವು ನೋಡೋದು ಎಂತ ಅನ್ನೋದು ಇದೆ. 4ಕೆ ಪರದೇಲಿ 3840ಕ್ಕೆ 2160, ಅಂದ್ರೆ ಸುಮಾರು 83 ಲಕ್ಷ ಪಿಕ್ಸೆಲ್. ಡಿಶ್ಶಲ್ಲಿ ಬರೋ ಸಾದಾ ಎಸ್‌ಡಿ ಚಾನೆಲ್ ಚಿತ್ರ 720ಕ್ಕೆ 576, ಬರೀ 4 ಲಕ್ಷ ಚಿಲ್ಲರೆ. ಒಂದು ಪಿಕ್ಸೆಲ್ಲನ್ನ ಟಿವಿ ಇಪ್ಪತ್ತು ಮಾಡ್ಬೇಕು, ಹತ್ತೊಂಬತ್ತನ್ನ ಅಂದಾಜಲ್ಲಿ ತುಂಬ್ಸಿಕೊಳ್ಳತ್ತೆ. ಹೊಸ ದೊಡ್ಡ ಟಿವಿ ತಂದ ಮೊದಲ ದಿನ ಸೀರಿಯಲ್ ಹಾಕಿ, ಅಯ್ಯೋ ಹಳೇದೇ ಚೆನ್ನಾಗಿತ್ತು ಅಂತ ಬೇಜಾರು ಮಾಡ್ಕೊಳ್ಳೋರು ಇದಕ್ಕೇ. ಟಿವಿದೇನೂ ತಪ್ಪಿಲ್ಲ. ಬಾಕ್ಸ್ ಎಚ್‌ಡಿದು ಹಾಕ್ಸಿ, ನೀವು ದಿನಾ ನೋಡೋ ನಾಲ್ಕೈದು ಚಾನೆಲ್ಲಿಗಾದ್ರೂ ಎಚ್‌ಡಿ ಪ್ಯಾಕ್ ಮಾಡ್ಸಿ, ಹೆಂಗೂ ಹಳೇ ಬಾಕ್ಸ್ ಸುಟ್ಟಿದೆಯಲ್ಲ. ಬಾಕ್ಸಿನ ಸೆಟ್ಟಿಂಗಲ್ಲಿ ಔಟ್‌ಪುಟ್ 1080ಕ್ಕೆ ಇದೆಯಾ ನೋಡ್ಕೊಳ್ಳಿ, ಹಾಕಿ ಹೋಗೋರು ಕೆಲವೊಮ್ಮೆ 576ಕ್ಕೇ ಬಿಟ್ಟು ಹೋಗಿರ್ತಾರೆ. ಇನ್ನೊಂದು, ಹತ್ತು ಅಡಿ ದೂರದಿಂದ 55 ಇಂಚಲ್ಲಿ ಫುಲ್ ಎಚ್‌ಡಿಗೂ 4ಕೆಗೂ ಕಣ್ಣಿಗೆ ವ್ಯತ್ಯಾಸ ಸಿಗೋದೇ ಕಷ್ಟ, ಏಳು ಅಡಿ ಒಳಗೆ ಬಂದ್ರೆ ಗೊತ್ತಾಗೋಕೆ ಶುರು. ಹಂಗಂತ ಈಗ ಈ ಸೈಜಲ್ಲಿ 4ಕೆ ಬಿಟ್ಟು ಬೇರೆ ಸಿಗೋದೂ ಅಪರೂಪ, 8ಕೆ ಅಂತ ಯಾರಾದ್ರೂ ಹೇಳಿದ್ರೆ ನಕ್ಕು ಮುಂದೆ ಹೋಗಿ.

ಓಎಲ್‌ಇಡಿ ನಿಮಗೆ ಬೇಡ. ಚಿತ್ರ ಅದ್ಭುತ, ಕಪ್ಪು ಅಂದ್ರೆ ಅಲ್ಲಿ ಕಪ್ಪೇ, ಯಾಕಂದ್ರೆ ಒಂದೊಂದು ಪಿಕ್ಸೆಲ್ಲೂ ತಾನೇ ಬೆಳಕು ಕೊಟ್ಟು ತಾನೇ ಆರತ್ತೆ. ಅದ್ರ ತೊಂದರೆನೂ ಅಲ್ಲೇ ಇರೋದು, ಒಂದೇ ಜಾಗದಲ್ಲಿ ಒಂದೇ ಚಿತ್ರ ದಿನಗಟ್ಟಲೆ ಉರಿದ್ರೆ ಆ ಪಿಕ್ಸೆಲ್ಲು ಬೇಗ ಮಂಕಾಗತ್ತೆ. ನಮ್ಮ ನ್ಯೂಸ್ ಚಾನೆಲ್‌ಗಳನ್ನ ನೋಡಿದೀರಲ್ಲ, ಕೆಳಗೆ ಕೆಂಪು ಪಟ್ಟಿ, ಮೂಲೇಲಿ ಲೋಗೋ, ಬ್ರೇಕಿಂಗ್ ಅಂತ ಬೆಳಿಗ್ಗೆಯಿಂದ ರಾತ್ರಿ ತನಕ ಅಲ್ಲಾಡದೆ ನಿಂತಿರತ್ತೆ. ಅಡಕೆ ರೇಟ್ ನೋಡೋಕೆ ಅಂತ ಹಾಕಿದ ಚಾನೆಲ್ಲು ಮಧ್ಯಾಹ್ನದವರೆಗೂ ಓಡ್ತಾ ಇರೋ ಮನೇಲಿ ಓಎಲ್‌ಇಡಿ ಇಟ್ರೆ ಕೆಲವು ವರ್ಷದಲ್ಲಿ ಆ ಪಟ್ಟಿಯ ನೆರಳು ಪರದೇಲೇ ಉಳಿಯೋ ಸಾಧ್ಯತೆ ಇದೆ. ಜಗಲಿ ಬೆಳಕಲ್ಲಿ ಅದ್ರ ಕಪ್ಪಿನ ಚಂದವೂ ಹಗಲು ಗೊತ್ತಾಗಲ್ಲ. ಬಜೆಟ್ಟಿಗೂ ಬರಲ್ಲ ಬಿಡಿ. ಮಗನಿಗೆ ಬೆಂಗಳೂರಿನ ಫ್ಲ್ಯಾಟಲ್ಲಿ ರಾತ್ರಿ ಲೈಟ್ ಆರಿಸಿ ಸಿನಿಮಾ ನೋಡೋಕೆ ಅದು ಸರಿ.

ಕ್ಯೂಎಲ್‌ಇಡಿ ಅನ್ನೋದು ಹೆಸರಲ್ಲಿ ಅಣ್ಣತಮ್ಮನ ಹಂಗೆ ಕೇಳಿದ್ರೂ ಜಾತಿ ಬೇರೆ. ಅದು ನಮ್ಮ ಮಾಮೂಲಿ ಎಲ್‌ಸಿಡಿನೇ, ಹಿಂದೆ ಎಲ್‌ಇಡಿ ಬಲ್ಬು, ನಡುವೆ ಬಣ್ಣ ಚೆನ್ನಾಗಿ ಬರೋಕೆ ಕ್ವಾಂಟಮ್ ಡಾಟ್ ಅಂತ ಒಂದು ಪದರ. ಬಣ್ಣ ಹೌದು ಚೂರು ಚೆನ್ನಾಗಿರತ್ತೆ, ಅದೊಂದಕ್ಕೇ ಹತ್ತು ಸಾವಿರ ಜಾಸ್ತಿ ಕೊಡಬೇಡಿ. ಕೇಳಬೇಕಾಗಿರೋದು ಎರಡು. ಒಂದು, ಪ್ಯಾನೆಲ್ ವಿಎನಾ ಐಪಿಎಸ್ಸಾ, ಎಲ್‌ಸಿಡಿ ಪರದೇಲಿ ಇವೆರಡು ಬಗೆ. ಐಪಿಎಸ್ಸು ಪಕ್ಕದಿಂದ ನೋಡಿದ್ರೂ ಬಣ್ಣ ಕೆಡಲ್ಲ, ಆದ್ರೆ ಕಾಂಟ್ರಾಸ್ಟ್, ಅಂದ್ರೆ ಬಿಳಿಗೂ ಕಪ್ಪಿಗೂ ಇರೋ ಬೆಳಕಿನ ಅಂತರ, ಸುಮಾರು 1000ಕ್ಕೆ 1, ರಾತ್ರಿ ಸೀನಲ್ಲಿ ಕಪ್ಪು ಬೂದಿ ಬಣ್ಣ ಆಗತ್ತೆ. ವಿಎ 3000ದಿಂದ 5000 ತನಕ ಇರತ್ತೆ, ಕಪ್ಪು ಚೆನ್ನಾಗಿ ಬರತ್ತೆ, ಪಕ್ಕದಲ್ಲಿ ಕೂತೋರಿಗೆ ಸ್ವಲ್ಪ ಪೇಲವ. ಮಳೆಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲಾಗೋ ನಮ್ಮ ಮನೆಗಳಿಗೆ ನಾನಾದ್ರೆ ವಿಎ ಅಂತೀನಿ, ಎಲ್ಲರೂ ಒಂದೇ ಬೆಂಚಲ್ಲಿ ಎದುರಿಗೇ ಕೂರ್ತೀರಿ ಅಂದ್ರೆ. ಹಬ್ಬಕ್ಕೆ, ಕ್ರಿಕೆಟ್ ಮ್ಯಾಚಿಗೆ ಜಗಲಿ ತುಂಬ ಚಾಪೆ ಹಾಸಿ ಮೂಲೆ ಮೂಲೆಗೂ ಜನ ಕೂರ್ತಾರೆ ಅಂದ್ರೆ ಐಪಿಎಸ್. ಬಾಕ್ಸ್ ಮೇಲೆ ಇದನ್ನ ಬರೆದಿರಲ್ಲ, ಅಂಗಡೀಲಿ ಪರದೆ ಮುಂದೆ ನಿಂತು ಹಂಗೇ ಪಕ್ಕಕ್ಕೆ ನಡೀತಾ ಹೋಗಿ, ಬಣ್ಣ ಮಂಕಾದ್ರೆ ವಿಎ. ಎರಡನೇದು ಬೆಳಕು, ಅದನ್ನ ನಿಟ್ಸ್ ಅಂತ ಅಳೀತಾರೆ. ಕಮ್ಮಿ ಬೆಲೆಯ ಟಿವಿಗಳು 250ರಿಂದ 350 ನಿಟ್ಸ್ ಇರತ್ತೆ, ಅದ್ರ ಮೇಲೆ ಎಚ್‌ಡಿಆರ್, ಡಾಲ್ಬಿ ವಿಷನ್ ಅಂತ ಎಷ್ಟು ಸ್ಟಿಕ್ಕರ್ ಅಂಟಿಸಿದ್ರೂ ನಿಜವಾದ ಎಚ್‌ಡಿಆರ್, ಅಂದ್ರೆ ತುಂಬಾ ಬೆಳಕು ತುಂಬಾ ಕಪ್ಪು ಎರಡನ್ನೂ ಒಟ್ಟಿಗೆ ತೋರಿಸೋ ಚಿತ್ರ, ಕಾಣಲ್ಲ. ಸ್ಟಿಕ್ಕರ್ ನೋಡಿ ದುಡ್ಡು ಕೊಡಬೇಡಿ, ಹಗಲು ಜಗಲೀಲಿ ನೋಡೋರು ನೀವು, ಬೆಳಕು ಜಾಸ್ತಿ ಇರೋದನ್ನ ಆರಿಸಿ. 120 ಹರ್ಟ್ಸು, ಅಂದ್ರೆ ಸೆಕೆಂಡಿಗೆ 120 ಸಲ ಚಿತ್ರ ಬದಲಾಗೋದು, ಮಗ ಬಂದು ಗೇಮ್ ಆಡೋದಾದ್ರೆ ಮಾತ್ರ, ಇಲ್ದಿದ್ರೆ 60 ಸಾಕು.

ನನ್ನ ಅಭಿಪ್ರಾಯ ಕೇಳಿದ್ರೆ 60 ಸಾವಿರಕ್ಕೆ ಬರೋ ಸಾದಾ 65ಕ್ಕಿಂತ, ಬೆಳಕು ಕಾಂಟ್ರಾಸ್ಟ್ ಒಂದು ಮೆಟ್ಟಿಲು ಮೇಲಿರೋ 55 ತಗೊಂಡು ಉಳಿದ ದುಡ್ಡಲ್ಲಿ ಸೌಂಡ್‌ಬಾರ್ ತಗೊಳ್ಳಿ. ಫೈಬರಲ್ಲಿ ಓಟಿಟಿ ಸಿನಿಮಾನೇ ಜಾಸ್ತಿ ನೋಡೋದು, ಡಿಶ್ ಬರೀ ಹೆಸರಿಗೆ ಅನ್ನೋದಾದ್ರೆ 65ಕ್ಕೆ ಹೋಗಿ, ಅದೂ ತಪ್ಪಲ್ಲ.

ಸೌಂಡ್‌ಬಾರ್ ಶೋಕಿಗೆ ಹೇಳಿದ್ದಲ್ಲ. ಈಗಿನ ಟಿವಿ ತೆಳ್ಳಗಾಗಿ ಸ್ಪೀಕರೆಲ್ಲ ಕೆಳಕ್ಕೆ ಮುಖ ಮಾಡ್ಕೊಂಡಿರತ್ತೆ. ಜುಲೈ ತಿಂಗಳ ರಾತ್ರಿ ಹೆಂಚಿನ ಮೇಲೆ, ಅದ್ಕಿಂತ ಮುಂದೆ ಇಳಿಸಿರೋ ಶೀಟಿನ ಮೇಲೆ ಮಳೆ ಬೀಳೋವಾಗ ವಾಲ್ಯೂಮ್ ಪೂರ್ತಿ ಕೊಟ್ರೂ ಮಾತು ಅರ್ಥ ಆಗಲ್ಲ, ಹಿನ್ನೆಲೆ ಸಂಗೀತ ಮಾತ್ರ ಕಿವಿಗೆ ಬಡಿಯತ್ತೆ. ಮನೇಲಿ ವಯಸ್ಸಾದವರಿದ್ರೆ ಇನ್ನೂ ಕಷ್ಟ. ನಡುವೆ ಮಾತಿಗೇ ಬೇರೆ ಸ್ಪೀಕರ್ ಇರೋ, 3.1 ಅಂತ ಕರೆಯೋ ಸೌಂಡ್‌ಬಾರ್ ನೋಡಿ, ಅದನ್ನ ಟಿವಿಯ ಎಆರ್‌ಸಿ ಅಥವಾ ಇಎಆರ್‌ಸಿ ಅಂತ ಬರೆದಿರೋ ಎಚ್‌ಡಿಎಂಐಗೆ ಹಾಕಿದ್ರೆ ಟಿವಿ ರಿಮೋಟಲ್ಲೇ ವಾಲ್ಯೂಮ್ ಆಗತ್ತೆ. ಬ್ಲೂಟೂತಲ್ಲಿ ಹಾಕಬೇಡಿ, ತುಟಿ ಒಂದು ಕಡೆ ಮಾತು ಒಂದು ಕಡೆ ಆಗತ್ತೆ.

ಎಲ್ಲಿ ಇಡೋದು? ಜಗಲಿ ಮುಂದೆ ತೆರೆದಿದ್ಯಾ, ಬರೀ ಕಂಬ ಮುಂಡಿಗೆ ಇದ್ಯಾ, ಕಟಕಟೆ ಅಷ್ಟೇನಾ ಅಂತ ನೀವು ಬರೆದಿಲ್ಲ. ತೆರೆದ ಜಗಲಿ ಆದ್ರೆ ಎರಚಲು ಒಳಗೆ ಬರತ್ತೆ, ಅಲ್ಲಿ ಬೇಡ, ನಡುಮನೆಗೆ ತನ್ನಿ. ಮುಚ್ಚಿದ ಜಗಲಿ ಆದ್ರೆ ಬಾಗಿಲಿಗೆ ಎದುರಿನ ಗೋಡೆ ಬಿಟ್ಟು ಪಕ್ಕದ ಗೋಡೆಗೆ ಇಡಿ, ಇಲ್ದಿದ್ರೆ ಹಗಲು ಪರದೇಲಿ ಅಂಗಳವೇ ಕಾಣೋದು. ಮಣ್ಣಿನ ಗೋಡೆಗೆ ವಾಲ್ ಮೌಂಟ್ ಬೇಡವೇ ಬೇಡ. 55 ಇಂಚಿಂದು ಹದಿನೈದು ಕಿಲೋ ಆಸುಪಾಸು, 65 ಅಂದ್ರೆ ಇಪ್ಪತ್ತು ದಾಟತ್ತೆ, ಇನ್‌ಸ್ಟಾಲ್ ಮಾಡೋಕೆ ಬರೋರ ಹತ್ರ ಇರೋದು ಸಿಮೆಂಟ್ ಗೋಡೆಗೆ ಆಗೋ ಪ್ಲಾಸ್ಟಿಕ್ ಪ್ಲಗ್ಗು, ಮಣ್ಣಲ್ಲಿ ಅದು ಇವತ್ತು ಹಿಡಿದ ಹಂಗೆ ಕಂಡ್ರೂ ಮಳೆಗಾಲದಲ್ಲಿ ಗೋಡೆ ಶೀತ ಎಳೆದಾಗ ಸಡಿಲ ಆಗತ್ತೆ. ಜಂಬಿಟ್ಟಿಗೆ ಕಲ್ಲಿನ ಗೋಡೆಗೂ ಡ್ರಿಲ್ ಹಾಕ್ದಾಗ ಪುಡಿ ಉದುರಿ ತೂತು ದೊಡ್ಡದಾಗತ್ತೆ. ಗಟ್ಟಿ ಮರದ ಮೇಜೇ ಸರಿ, ನಿಮ್ಮನೇಲಿ ಅದಕ್ಕೇನು ಬರ. ಒಂದೇ ಒಂದು, ಈಗಿನ ಟಿವಿಗೆ ಕಾಲು ಎರಡು ತುದೀಲಿ ಇರತ್ತೆ, ಮೇಜು ಸಾಕಷ್ಟು ಉದ್ದ ಇದೆಯಾ ಅಂತ ಮೊದಲೇ ಆ ಮಾಡೆಲಿನ ಕಾಲಿನ ಅಂತರ ನೋಡಿ. ಮುಂದಕ್ಕೆ ಮಗುಚದ ಹಂಗೆ ಹಿಂದಿನಿಂದ ಒಂದು ಪಟ್ಟಿ ಹಾಕಿ ಮರದ ಕಂಬಕ್ಕೆ ಕಟ್ಟಿ. ಎತ್ತರ ಕೂತಾಗ ಕಣ್ಣಿನ ಮಟ್ಟಕ್ಕೆ ಪರದೆಯ ನಡುಭಾಗ ಬರೋ ಹಂಗಿರಲಿ. ದೇವರ ಫೋಟೋ ಎತ್ತರಕ್ಕೆ ಟಿವಿ ಏರಿಸಿ ಕುತ್ತಿಗೆ ನೋವು ಅಂತ ಕೂರೋ ಮನೆ ಎಷ್ಟೋ.

ಗೋಡೆಯಿಂದ ಅರ್ಧ ಅಡಿ ಮುಂದೆ ಇಡಿ, ಹಿಂದೆ ಗಾಳಿ ಆಡ್ಬೇಕು. ಆಗುಂಬೆ ಕಡೆ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ದಾಟಿ ಮಳೆ ಬೀಳೋ ಸೀಮೆ, ಬಟ್ಟೆ ಒಣಗಲ್ಲ, ಬೂಸ್ಟು ಎಲ್ಲದಕ್ಕೂ ಹಿಡಿಯತ್ತೆ. ತಣ್ಣಗಾಗಿರೋ ಬೋರ್ಡ್ ಮೇಲೆ ತೇವ ಕೂತು ತಾಮ್ರ ಹಸಿರಾಗತ್ತೆ. ಇದಕ್ಕೆ ಮದ್ದು ಸುಲಭ, ಮಳೆಗಾಲದಲ್ಲಿ ದಿನಾ ಅರ್ಧ-ಒಂದು ಗಂಟೆ ಟಿವಿ ಹಾಕಿ, ಅದ್ರ ಬಿಸಿಗೇ ಒಳಗೆ ಒಣಗತ್ತೆ. ಮನೆ ಬಿಟ್ಟು ತಿಂಗಳುಗಟ್ಟಲೆ ಹೋಗೋದಾದ್ರೆ ಪಕ್ಕದ ಮನೆಯವರಿಗೆ ಹೇಳಿ ಹೋಗಿ. ಪ್ಲಾಸ್ಟಿಕ್ ಕವರ್ ಹಾಕಿ ಮುಚ್ಚೋದು ಬೇಡ, ತೇವ ಒಳಗೇ ಕೂರತ್ತೆ, ಹತ್ತಿ ಬಟ್ಟೆ ಹೊದಿಸಿ, ಅದೂ ಆಫ್ ಮಾಡಿ ತಣ್ಣಗಾದ್ಮೇಲೆ. ಬಚ್ಚಲ ಒಲೆ ಹೊಗೆ, ಅಡಕೆ ಬೇಯಿಸೋ ಒಲೆ ಹೊಗೆ ಬರೋ ಕಡೆ ಇಟ್ರೆ ಮಸಿ ಮತ್ತೆ ತೇವ ಎರಡೂ ಸೇರಿ ಬೋರ್ಡಲ್ಲಿ ಶಾರ್ಟ್ ಮಾಡತ್ತೆ. ಹಲ್ಲಿ, ಇರುವೆ ಬಿಸಿ ಹುಡುಕ್ಕೊಂಡು ಹಿಂದಿನ ಕಂಡಿಯಿಂದ ಒಳಗೆ ಹೋಗ್ತವೆ, ಮಣ್ಣಿನ ಗೂಡು ಕಟ್ಟೋ ಹುಳ ಖಾಲಿ ಎಚ್‌ಡಿಎಂಐ ತೂತಲ್ಲೇ ಮನೆ ಮಾಡತ್ತೆ. ಬಳಸದ ತೂತುಗಳಿಗೆ ಟೇಪ್ ಅಂಟಿಸಿ. ಗಾಳಿ ಹೋಗೋ ಕಂಡಿಗೆ ಮಾತ್ರ ಎಂತದೂ ಅಂಟಿಸಬೇಡಿ. ಪರದೆ ಒರೆಸೋಕೆ ಕನ್ನಡಕ ಒರೆಸೋ ತರದ ಮೈಕ್ರೋಫೈಬರ್ ಬಟ್ಟೆ ಒಣಗಿದ್ದೇ ಸಾಕು. ಗಾಜು ಒರೆಸೋ ಸ್ಪ್ರೇ ಹೊಡೆದ್ರೆ ನೀರು ಇಳಿದು ಕೆಳಗಿನ ಅಂಚಿಗೆ ಹೋಗತ್ತೆ, ಪರದೆಗೆ ಸಿಗ್ನಲ್ ಕೊಡೋ ಸೂಕ್ಷ್ಮ ಪಟ್ಟಿಗಳು ಬಹುತೇಕ ಅಲ್ಲೇ ಇರೋದು, ಉದ್ದುದ್ದ ಗೆರೆ ಬಂದ ಟಿವಿಗಳಲ್ಲಿ ಎಷ್ಟೋ ಈ ಸ್ಪ್ರೇ ಕರಾಮತ್ತು. ಪ್ಯಾನೆಲ್ ಹೋಯ್ತು ಅಂದ್ರೆ ಹೊಸ ಟಿವಿ ಬೆಲೆಯ ಹತ್ತಿರ ಹತ್ತಿರ ಕೇಳ್ತಾರೆ.

ನೆಟ್ ವಿಷಯ ಚಿಕ್ಕದು. ಎಚ್‌ಡಿಗೆ 5 ಎಂಬಿಪಿಎಸ್, 4ಕೆಗೆ 15ರಿಂದ 25 ಇದ್ರೆ ಸಾಕು. ರೂಟರ್ ಟಿವಿ ಇರೋ ಕೋಣೇಲೇ ಇಡ್ಸಿ, ನಿಮ್ಮ ದಪ್ಪ ಗೋಡೆ ದಾಟಿ 5 ಗಿಗಾಹರ್ಟ್ಸ್ ವೈಫೈ ಬರಲ್ಲ. ಬೇರೆ ಊರಲ್ಲಾದ್ರೆ ನಾನು ಲ್ಯಾನ್ ಕೇಬಲ್ ಹಾಕಿ ಅಂತೀನಿ, ಇಲ್ಲಿ ವೈಫೈನೇ ಇರಲಿ, ಟಿವಿಗೆ ತಾಗೋ ತಂತಿ ಒಂದು ಕಮ್ಮಿ ಆದಷ್ಟೂ ಒಳ್ಳೇದು. ಫೈಬರ್ ಗಾಜಿನ ಎಳೆ, ಅದ್ರಲ್ಲಿ ಕರೆಂಟ್ ಹರಿಯಲ್ಲ, ಆದ್ರೆ ಕಂಬದಿಂದ ಮನೆಗೆ ಎಳೆದ ಕೇಬಲಲ್ಲಿ ಗಟ್ಟಿಗೆ ಅಂತ ಸ್ಟೀಲ್ ತಂತಿ ಸೇರಿಸಿರ್ತಾರೆ. ಆ ಸ್ಟೀಲ್ ತಂತೀನ ಮನೆ ಹೊರಗೇ ಕತ್ತರಿಸಿ ನಿಲ್ಲಿಸೋಕೆ ಹೇಳಿ, ಗುಡುಗಿಗೆ ರೂಟರಿನ ಅಡಾಪ್ಟರನ್ನೂ ಕೀಳಿ. ಜೋರು ಮಳೇಲಿ ಡಿಶ್ ಸಿಗ್ನಲ್ ಹೋಗೋದು ಹಾಳಾಗಿ ಅಲ್ಲ, ಡಿಶ್ಶಿನ ಕೆಯು ಬ್ಯಾಂಡ್ ಅಲೆಗಳನ್ನ ಮಳೆ ಹನಿಯೇ ಹೀರ್ಕೊಳ್ಳತ್ತೆ. 60 ಸೆಂಟಿಮೀಟರ್ ಬದಲು 90ರ ಡಿಶ್ ಹಾಕ್ಸಿದ್ರೆ ಸಣ್ಣಪುಟ್ಟ ಮಳೆ ತಡಿಯತ್ತೆ. ಆರಿದ್ರೆ ಮಳೆಗೆ ಯಾವ ಡಿಶ್ಶೂ ಸಾಲಲ್ಲ, ಆಗ ಫೈಬರಲ್ಲಿ ನೋಡಿ.

ಕೊಳ್ಳೋದು ಎಲ್ಲಿ ಅಂದ್ರೆ, ಆನ್‌ಲೈನಲ್ಲಿ ಒಂದೆರಡು ಸಾವಿರ ಕಮ್ಮಿ ಇರಬಹುದು, ಆದ್ರೆ ನಿಮ್ಮ ಪಿನ್‌ಕೋಡಿಗೆ ಮನೆ ತನಕ ತರ್ತಾರಾ, ಪೇಟೇಲೇ ಇಳಿಸಿ ಹೋಗ್ತಾರಾ, ಸರ್ವಿಸಿನವರು ಶಿವಮೊಗ್ಗದಿಂದ ನಿಮ್ಮನೆಗೆ ಬರ್ತಾರಾ ಅಂತ ಕಸ್ಟಮರ್ ಕೇರಿಗೆ ಫೋನ್ ಮಾಡಿ ಕೇಳಿ. ಶಿವಮೊಗ್ಗದಿಂದ ತೀರ್ಥಹಳ್ಳಿಗೇ ಅರವತ್ತು ಕಿಲೋಮೀಟರ್ ಹತ್ತಿರ, ಅಲ್ಲಿಂದ ಒಳಗೆ ಮತ್ತೆ. ಸರ್ವಿಸ್ ಇಲ್ದ ಬ್ರ್ಯಾಂಡು ಎಷ್ಟು ಅಗ್ಗ ಆದ್ರೂ ಬೇಡ, ಊರಿನ ಅಂಗಡಿಯವನ ಹತ್ರ ಸಾವಿರ ಜಾಸ್ತಿ ಕೊಟ್ರೆ ನಾಳೆ ಅವನೇ ಫೋನ್ ಎತ್ತೋನು. ಬೆಲೆ ಚೌಕಾಸಿ ಮಾಡೋವಾಗ ಇದು ನೆನಪಿರಲಿ: 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ. ಹಳೇ ತೆರಿಗೆ ಸೇರಿ 60 ಸಾವಿರ ಇದ್ದದ್ದು ಈಗ 55,300ರ ಆಸುಪಾಸು ಆಗ್ಬೇಕು. ಹಳೇ ಎಂಆರ್‌ಪಿ ತೋರಿಸಿ ಅದ್ರ ಮೇಲೆ ಹಬ್ಬದ ಡಿಸ್ಕೌಂಟ್ ಅಂತ ಬರೀ ತೆರಿಗೆ ಇಳಿದಿದ್ದನ್ನೇ ಕೊಟ್ರೆ ಅದು ಡಿಸ್ಕೌಂಟ್ ಅಲ್ಲ. ಬಿಲ್ಲಲ್ಲಿ ಸೀರಿಯಲ್ ನಂಬರ್ ಬರೆಸಿ. ವಾರಂಟಿ ಪತ್ರ ಓದಿ, ಸಿಡಿಲು, ವೋಲ್ಟೇಜು, ಪರದೆ ಒಡೆಯೋದು ಸಾಮಾನ್ಯವಾಗಿ ಅದ್ರೊಳಗೆ ಬರಲ್ಲ. ಎಕ್ಸ್‌ಟೆಂಡೆಡ್ ವಾರಂಟಿ ಮಾರೋಕೆ ಬಂದ್ರೆ ಈ ಮೂರನ್ನ ಬಾಯಲ್ಲಿ ಅಲ್ಲ, ಬರಹದಲ್ಲಿ ತೋರಿಸಿ ಅನ್ನಿ.

ಜೀಪಲ್ಲಿ ತರೋವಾಗ ಬಾಕ್ಸನ್ನ ಮಲಗಿಸಬೇಡಿ, ನಿಲ್ಲಿಸೇ ತರಬೇಕು. ಮಲಗಿಸಿದ್ರೆ ಘಾಟಿ ರಸ್ತೆ ಕುಲುಕಾಟಕ್ಕೆ ಪರದೆ ನಡುವೆ ಬಗ್ಗಿ ಒಳಗೇ ಸೀಳತ್ತೆ, ಹೊರಗೆ ಗೊತ್ತೇ ಆಗಲ್ಲ. ಬಾಕ್ಸ್ ಬಿಚ್ಚೋದನ್ನ ಮೊಬೈಲಲ್ಲಿ ಪೂರ್ತಿ ವಿಡಿಯೋ ಮಾಡಿ, ಇನ್‌ಸ್ಟಾಲ್ ಮಾಡೋರು ಬಂದ್ಮೇಲೇ ಬಿಚ್ಚಿ. ಅವರು ಇರೋವಾಗಲೇ ಯೂಟ್ಯೂಬಲ್ಲಿ ಕೆಂಪು, ಹಸಿರು, ನೀಲಿ, ಬಿಳಿ ಒಂದೊಂದೇ ಬಣ್ಣ ತುಂಬಿರೋ ವಿಡಿಯೋ ಹಾಕಿ ಸತ್ತ ಪಿಕ್ಸೆಲ್, ಮಂಕು ಮೂಲೆ ಇದೆಯಾ ನೋಡ್ಕೊಳ್ಳಿ.

ಆನ್ ಮಾಡ್ದಾಗ ಸ್ಟೋರಾ ಹೋಮಾ ಅಂತ ಕೇಳತ್ತೆ, ಹೋಮ್ ಕೊಡಿ. ಪಿಕ್ಚರ್ ಮೋಡ್ ಅಂಗಡೀಲಿ ಇದ್ದ ವಿವಿಡ್ ಬಿಟ್ಟು ಸಿನಿಮಾ ಅಥವಾ ಫಿಲ್ಮ್‌ಮೇಕರ್‌ಗೆ ಹಾಕಿ. ಮೊದಲು ಹಳದಿ ಹಳದಿ ಅನ್ಸತ್ತೆ, ಒಂದು ವಾರ ತಡ್ಕೊಳ್ಳಿ, ಆಮೇಲೆ ವಿವಿಡ್ ನೋಡಿದ್ರೆ ಮುಖ ಎಲ್ಲ ಸುಣ್ಣ ಬಳಿದ ಹಂಗೆ ಕಾಣತ್ತೆ. ಶಾರ್ಪ್‌ನೆಸ್ ಇಳಿಸಿ, ಎಸ್‌ಡಿ ಚಾನೆಲಲ್ಲಿ ಅದು ಬರೀ ಕಸ ತೋರಿಸತ್ತೆ. ಚಿತ್ರದ ಓಡಾಟ ನುಣುಪು ಮಾಡೋ ಮೋಷನ್ ಸ್ಮೂತಿಂಗ್ ತರದ್ದು ಸಿನಿಮಾಕ್ಕೆ ಆಫ್, ಕ್ರಿಕೆಟ್ಟಿಗೆ ಬೇಕಾದ್ರೆ ಸ್ವಲ್ಪ. ಸೆಟ್ಟಿಂಗ್ಸಲ್ಲಿ ನೀವು ಎಂತ ನೋಡ್ತೀರಿ ಅಂತ ಕಂಪನಿಗೆ ಕಳಿಸೋ ಆಯ್ಕೆ ಇರತ್ತೆ, ಅದನ್ನೂ ಆಫ್ ಮಾಡ್ಬಿಡಿ. ನಾಲ್ಕೈದು ವರ್ಷ ಆದ್ಮೇಲೆ ಟಿವಿಯ ಒಳಗಿನ ಸ್ಮಾರ್ಟ್ ಭಾಗ ನಿಧಾನ ಆಗೇ ಆಗತ್ತೆ, ಆವಾಗ ಟಿವಿ ಬದಲಾಯ್ಸೋದು ಬೇಡ, ಸ್ಟ್ರೀಮಿಂಗ್ ಸ್ಟಿಕ್ ಒಂದು ಚುಚ್ಚಿದ್ರೆ ಆಯ್ತು.

ಸುಟ್ಟಿರೋ 40 ಇಂಚನ್ನ ಎಕ್ಸ್‌ಚೇಂಜಿಗೆ ಐನೂರಕ್ಕೋ ಸಾವಿರಕ್ಕೋ ಕೊಟ್ಟುಬಿಡಬೇಡಿ. ಮೊದಲು ಒಬ್ಬ ಮೆಕ್ಯಾನಿಕ್ಕಿಗೆ ತೋರಿಸಿ, ಬರೀ ಪವರ್ ಬೋರ್ಡ್ ಹೋಗಿದ್ರೆ ಒಂದೆರಡು ಸಾವಿರದಲ್ಲಿ ಸರಿ ಆಗಬಹುದು. ಮದರ್‌ಬೋರ್ಡ್ ಹೋಗಿದ್ದು ಎಚ್‌ಡಿಎಂಐ ಕಡೆಯಿಂದ ಬಂದ ಸರ್ಜಿಗೆ ಆದ್ರೆ ಸ್ವಲ್ಪ ಜಾಸ್ತಿ ಬೀಳತ್ತೆ. ಪ್ಯಾನೆಲ್ ಚೆನ್ನಾಗಿದ್ರೆ ಮಾಡ್ಸಿ ಒಳಗಿನ ಕೋಣೆಗೆ ಹಾಕಿ, ಸೀರಿಯಲ್ಲು ನ್ಯೂಸು ಅದ್ರಲ್ಲೇ ಓಡ್ಲಿ, ಜಗಲಿಗೆ ಹೊಸದು.